ಪ್ರೀತಿಭೋಜನದ ಬಾಗಿಲು

ಆ ಟೋಪಿ ನಮ್ಮ ಮನೆಗೆ ಬಾರದೇ ಇದ್ದಿದ್ದರೆ ನಾನು ಒಳ್ಳೆಯ ಹೆಂಗಸಾಗಿಯೇ ಉಳಿಯುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಟೋಪಿ ಬಾರದಿದ್ದರೆ ಇನ್ನೇನೋ ಬರುತ್ತಿತ್ತು, ನಾನು ಆಗಲೂ ಬಾಯಿ ಮುಚ್ಚಿಕೊಂಡೇ ಕೂರುತ್ತಿದ್ದೆ.

1843ರ ಫೆಬ್ರವರಿ. ಇಂಡಿಯಾನಾದ ಸೈಕಮೋರ್ ಫೋರ್ಡ್ ಎಂಬ ಹಳ್ಳಿಯಲ್ಲಿ ಚರ್ಚಿನ ಸಭೆಯವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ನಾವಿದ್ದೆವು. ನನ್ನ ಗಂಡ ಎಲ್ಕಾನಾ ಪ್ರೂಯಿಟ್ ಮೆಥೋಡಿಸ್ಟ್ ಪಾದ್ರಿ. ಇಪ್ಪತ್ತೆರಡು ಊರುಗಳ ಸರ್ಕೀಟು ಅವರದ್ದು. ಕುದುರೆ ಹತ್ತಿ ಹೊರಟರೆ ಒಂದು ಸುತ್ತಿಗೆ ನಾಲ್ಕು ವಾರ, ಆಮೇಲೆ ಮನೆಯಲ್ಲಿ ಎರಡೋ ಮೂರೋ ದಿನ. ಹಾಗಾಗಿ ಮನೆ ಎಂದರೆ ಮೂವರು ಹೆಂಗಸರು: ನಾನು, ಎರಡು ಕಣ್ಣಿಗೂ ಪೊರೆ ಬಂದಿದ್ದ ನನ್ನ ಅತ್ತೆ ಕೆಜಾಯ, ಹದಿನೇಳು ವರ್ಷದ ಮಗಳು ಎಮಲೈನ್. ಎರಡು ವರ್ಷಕ್ಕೊಮ್ಮೆ ಊರು ಬದಲಾಯಿಸಿ ಬದಲಾಯಿಸಿ ನಮ್ಮ ಪಾತ್ರೆಗಳಲ್ಲಿ ನೆಗ್ಗದೇ ಇದ್ದದ್ದು ಒಂದೂ ಇರಲಿಲ್ಲ.

ಚಳಿಗಾಲದಲ್ಲಿ ಒಂದು ಸಂಜೆ ಸಭೆಯವರೆಲ್ಲ ಪಾದ್ರಿ ಮನೆಗೆ ಕೈಲಾದ್ದನ್ನು ಹೊತ್ತು ತರುವುದು ವಾಡಿಕೆ. ತರುತ್ತಾರೆ, ಕೂತು ತಿನ್ನುತ್ತಾರೆ, ಹೋಗುತ್ತಾರೆ. ಆ ಸಲ ತಂದದ್ದಕ್ಕಿಂತ ತಿಂದದ್ದೇ ಹೆಚ್ಚು. ಮರುದಿನ ನೋಡಿದರೆ ಒಂದು ಚೀಲ ಒಣಗಿಸಿದ ಸೇಬು, ಹನ್ನೊಂದು ಕುಂಬಳಕಾಯಿ, ಜೊತೆಯಿಲ್ಲದ ಒಂದು ಬೂಟು, ಮತ್ತೆ ಗಿರಣಿ ಮಾಲೀಕನ ಹೆಂಡತಿ ಸೋಫ್ರೋನಿಯಾ ಟಟ್ಲ್ ಬಿಟ್ಟುಹೋಗಿದ್ದ ಒಂದು ಟೋಪಿ.

"ಏನೇ ಅದು, ಸರಸರ ಅಂತಿದೆ? ರೇಷ್ಮೆನಾ?" ಎಂದರು ಅತ್ತೆ.

"ಸಿನ್ಸಿನಾಟಿ ಟೋಪಿ ಅಜ್ಜಿ. ಹುಲ್ಲಿಂದು. ರೇಷ್ಮೆ ರಿಬ್ಬನ್ನು, ಸುತ್ತ ನೆರಿಗೆ, ಮುಂದ್ಗಡೆ ಬಟ್ಟೆ ಗುಲಾಬಿ," ಎಂದಳು ಎಮಲೈನ್.

"ಒಲೆಗೆ ಹಾಕು."

"ಒಂದ್ಸಲ ತಲೆ ಮೇಲೆ ಇಟ್ಕೊಂಡು ನೋಡಿ ಆಮೇಲೆ ಹಾಕ್ತೀನಿ."

"ನಾನು ಹತ್ತೊಂಬತ್ತನೇ ವಯಸ್ಸಿಗೇ ಕೈಲಿದ್ದ ಉಂಗುರ ಕಿತ್ತು ಪಾದ್ರಿ ಮುಂದೆ ಇಟ್ಟೋಳು. ನನ್ನ ಮೊಮ್ಮಗಳು ತಲೆ ಮೇಲೆ ಹೂತೋಟ ಹೊರ್ತಾಳಂತೆ."

"ಕಿತ್ತಿಟ್ಟು ಐವತ್ತು ವರ್ಷ ಆಯ್ತು, ಇನ್ನೂ ಆ ಉಂಗುರಾನ ಬಿಟ್ಟಿಲ್ವಲ್ಲ ಅಜ್ಜಿ ನೀವು."

ನಮ್ಮವರಲ್ಲಿ ಹೂವು, ನೆರಿಗೆ, ಚಿನ್ನ ಯಾವುದೂ ಸಲ್ಲದು. ಮೂರು ತಿಂಗಳಿಗೊಮ್ಮೆ ಪ್ರೀತಿಭೋಜನ ನಡೆಯುತ್ತದೆ, ರೊಟ್ಟಿ ಮತ್ತು ನೀರು ಹಂಚಿಕೊಂಡು ಒಬ್ಬೊಬ್ಬರೂ ಎದ್ದು ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳುವ ಕೂಟ. ಅಂಥದ್ದನ್ನು ತೊಟ್ಟು ಬಂದವರನ್ನು ಅದರ ಬಾಗಿಲಲ್ಲೇ ನಿಲ್ಲಿಸಬೇಕು ಎಂದು ಸಭೆಯ ನಿಯಮ. ಇದು ಸೋಫ್ರೋನಿಯಾಗೆ ಚೆನ್ನಾಗಿ ಗೊತ್ತಿತ್ತು. ತನಗೆ ಬೇಡದ್ದನ್ನು ದಾನವೆಂದು ಸುರಿದು ಕೈ ತೊಳೆದುಕೊಳ್ಳಲು ಪಾದ್ರಿ ಮನೆಗಿಂತ ಒಳ್ಳೆಯ ಜಾಗ ಯಾವುದಿದೆ? ನಾನು ಅದನ್ನು ಒಲೆಗೂ ಹಾಕಲಿಲ್ಲ, ತಲೆಗೂ ಇಡಲಿಲ್ಲ. ಪೆಟ್ಟಿಗೆಯೊಳಗೆ ಹಾಕಿದೆ.

ಮಾರ್ಚ್ ಶುರುವಿನಲ್ಲೇ ನನಗೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ ನಡುಕ. ನಡುಕ ಬಂದರೆ ಮಂಚವೇ ಅಲ್ಲಾಡುತ್ತಿತ್ತು. ಗಂಡ ಸರ್ಕೀಟಿನಲ್ಲಿದ್ದರು. ಸಭೆಯ ಹೆಂಗಸರು ಬಂದು ಪ್ರಾರ್ಥನೆ ಮಾಡಿ ಹೋದರು, ಚೆನ್ನಾಗಿಯೇ ಮಾಡಿದರು. ಅಡುಗೆ ಮಾಡಿ ತಂದವಳು ಒಬ್ಬಳೇ, ಎದುರುಮನೆಯ ಪರ್ಮೀಲಿಯಾ ಸ್ಟ್ರೌಡ್.

ಅವಳು ವಿಧವೆ. ದೋಣಿಯವನೊಬ್ಬನ ಹೆಂಡತಿಯಾಗಿ ಈ ಊರಿಗೆ ಬಂದವಳು. ಅವನು ನದಿಯಲ್ಲಿ ಮುಳುಗಿ ಹೋದ ಮೇಲೆ ಕೋಳಿ, ಬಾತು ಸಾಕಿಕೊಂಡು ಇಲ್ಲೇ ಉಳಿದಿದ್ದಳು. ಅವಳಿಗೆ ಮದುವೆ ಆಗಿತ್ತೋ ಇಲ್ಲವೋ ಎಂದು ಗಿರಣಿಯ ಹತ್ತಿರ ಮಾತಾಡಿಕೊಳ್ಳುತ್ತಿದ್ದರು. ಹನ್ನೊಂದು ವಾರ ಅವಳು ದಿನ ಬಿಟ್ಟು ದಿನ ನಮ್ಮ ಬಾಗಿಲಿಗೆ ಕೋಳಿ ಸಾರು, ಮೆಕ್ಕೆಜೋಳದ ರೊಟ್ಟಿ ತಂದಿಟ್ಟಳು. ಅತ್ತೆಯ ತಲೆ ಬಾಚಿದಳು. ನನ್ನ ಬಟ್ಟೆ ಒಗೆದಳು, ಎಂಥ ಬಟ್ಟೆಗಳು ಎಂದು ಹೇಳುವುದಕ್ಕೂ ನಾಚಿಕೆ.

ಆ ವಸಂತದಲ್ಲೇ ಅವಳು ಸಭೆಗೆ ಸೇರಬೇಕೆಂದು ಹೆಸರು ಕೊಟ್ಟಳು. ನಮ್ಮಲ್ಲಿ ಕೂಡಲೇ ಸೇರಿಸಿಕೊಳ್ಳುವುದಿಲ್ಲ. ಆರು ತಿಂಗಳು ನೋಡಿ, ಆಮೇಲೆ. ಎಲ್ಕಾನಾ ಅವಳ ಹೆಸರನ್ನು ಸಭೆಯ ಪುಸ್ತಕದಲ್ಲಿ ಬರೆದ ದಿನ ಅವಳು ಎಮಲೈನ್‌ಳನ್ನು ಪಕ್ಕಕ್ಕೆ ಕರೆದಳು.

"ಎಮ್ಮೀ, ಅದ್ರಲ್ಲಿ ನನ್ನ ಹೆಸರು ಯಾವ್ದು ತೋರ್ಸವ್ವ."

ಎಮಲೈನ್ ತೋರಿಸಿದಳು. ಅವಳು ಅದರ ಮೇಲೆ ಬೆರಳಿಡದೆ, ಸ್ವಲ್ಪ ದೂರದಿಂದಲೇ ಬಗ್ಗಿ ನೋಡಿದಳು. "ಇಷ್ಟುದ್ದ ಇದೆಯಾ," ಎಂದಳಂತೆ.

ಸೆಪ್ಟೆಂಬರಿನ ಪ್ರೀತಿಭೋಜನಕ್ಕೆ ಅವಳನ್ನು ಪೂರ್ತಿ ಸದಸ್ಯಳಾಗಿ ಸೇರಿಸಿಕೊಳ್ಳುವುದೆಂದು ಆಯಿತು. ನನ್ನ ಜ್ವರ ಬಿಟ್ಟಿತ್ತು, ಆದರೆ ಅವಳ ಉಪಕಾರ ನನ್ನ ಎದೆಯ ಮೇಲೆ ಕೂತಿತ್ತು. ಇದನ್ನು ಬಿಚ್ಚಿ ಹೇಳುತ್ತೇನೆ: ಹಂಗಿನಲ್ಲಿರುವುದು ನನಗೆ ಸೇರುತ್ತಿರಲಿಲ್ಲ, ಅದರಲ್ಲೂ ಅಂಥವಳ ಹಂಗು. ಏನಾದರೂ ಕೊಟ್ಟು ಮುಗಿಸಿಬಿಡಬೇಕು ಅನಿಸುತ್ತಿತ್ತು. ಕೊಡುವುದಕ್ಕೆ ಮನೆಯಲ್ಲಿ ಚೆನ್ನಾಗಿದ್ದ ವಸ್ತು ಒಂದೇ. ಹೂವನ್ನೂ ನೆರಿಗೆಯನ್ನೂ ಬಿಚ್ಚಿ ಕೊಡೋಣವೆಂದು ಕತ್ತರಿ ಹಿಡಿದೆ. ಬಿಚ್ಚಿದರೆ ಅದು ಬರೀ ಹುಲ್ಲು, ಕೊಟ್ಟಂತೆಯೇ ಆಗುವುದಿಲ್ಲ ಎಂದು ಕತ್ತರಿ ಕೆಳಗಿಟ್ಟೆ. ಹೂವನ್ನು ತೆಗೆದೇ ಹಾಕಿಕೊಳ್ಳಬೇಕೆಂಬುದು ನಮ್ಮಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಅವಳು ನಮ್ಮಲ್ಲಿ ಹುಟ್ಟಿದವಳಲ್ಲ ಎಂಬುದು ನನ್ನ ತಲೆಗೇ ಹೋಗಲಿಲ್ಲ.

"ಕೂಟಕ್ಕೆ ಬರೋವಾಗ ತಲೆ ಮೇಲೆ ಏನಾದ್ರೂ ಬೇಕಲ್ಲ, ಇಟ್ಕೋ," ಎಂದು ಕೊಟ್ಟೆ.

"ಅಮ್ಮಾವ್ರೇ, ಇದು ನಂಗಾ?" ಎಂದಳು. ಕೈ ಒರೆಸಿಕೊಂಡು ತೆಗೆದುಕೊಂಡಳು. ನಾನು ಹಗುರಾಗಿ ಮನೆಗೆ ಬಂದೆ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಪ್ರೀತಿಭೋಜನದ ಬಾಗಿಲು ಮುಚ್ಚುತ್ತದೆ. ಆ ದಿನ ಜಿಲ್ಲೆಯ ಹಿರಿಯರು ಬಂದಿದ್ದರು. ಹದಿನಾಲ್ಕು ಪಾದ್ರಿಗಳ ಮೇಲಿನವರು. ಅಕ್ಟೋಬರಿನ ವಾರ್ಷಿಕ ಸಮ್ಮೇಳನದಲ್ಲಿ ಯಾರನ್ನು ಎಲ್ಲಿಗೆ ಕಳಿಸಬೇಕೆಂದು ಬಿಷಪ್ಪರ ಕಿವಿಯಲ್ಲಿ ಹೇಳುವವರು. ನಮಗೆ ಬೇಕಾಗಿದ್ದದ್ದು ಪಟ್ಟಣದ ಸಭೆ. ಸರ್ಕೀಟಿಲ್ಲ, ಕುದುರೆ ಬೇಕಾಗಿಲ್ಲ, ಅತ್ತೆಯ ಕಣ್ಣಿಗೆ ವೈದ್ಯರು ಸಿಗುತ್ತಾರೆ. ಆರು ವರ್ಷದಿಂದ ಕೇಳುತ್ತಿದ್ದೆವು. ಹಿರಿಯರು ಮುಂದಿನ ಬೆಂಚಿನಲ್ಲಿ ಕೂತಿದ್ದರು, ಎಲ್ಕಾನಾ ಬಾಗಿಲಲ್ಲಿ ನಿಂತು ಸದಸ್ಯರ ಚೀಟಿ ನೋಡಿ ಒಬ್ಬೊಬ್ಬರನ್ನೇ ಬಿಡುತ್ತಿದ್ದರು.

ಪರ್ಮೀಲಿಯಾ ಕೊನೆಯವಳಾಗಿ ಬಂದಳು. ತಲೆಯ ಮೇಲೆ ಟೋಪಿ, ಹೂವು ನೆರಿಗೆ ರಿಬ್ಬನ್ನು ಎಲ್ಲ ಇದ್ದಂತೆಯೇ. ರಿಬ್ಬನ್ನಿಗೆ ಇಸ್ತ್ರಿ ಬೇರೆ ಮಾಡಿದ್ದಳು.

"ಸಹೋದರಿ, ಇದನ್ನ ಹಾಕ್ಕೊಂಡು ಒಳಗೆ ಬರೋ ಹಾಗಿಲ್ಲ," ಎಂದರು ಎಲ್ಕಾನಾ.

ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದಳು.

"ಬರಿ ತಲೇಲೂ ಬರೋ ಹಾಗಿಲ್ಲ."

ಗಂಡಸರ ಕಡೆಯಲ್ಲಿ ಯಾರೋ ಕೆಮ್ಮಿದರು. ಸೋಫ್ರೋನಿಯಾ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

"ಇದು ಎಲ್ಲಿಂದ ಬಂತು ನಿಮಗೆ?" ಎಂದು ಎಲ್ಕಾನಾ ಕೇಳಿದರು.

ಪರ್ಮೀಲಿಯಾ ಒಳಗೆ ನೋಡಿದಳು. ನಾನು ಹೆಂಗಸರ ಕಡೆ ಎರಡನೇ ಬೆಂಚಿನ ತುದಿಯಲ್ಲಿದ್ದೆ. ಎದ್ದು ನಿಂತು "ನಾನು ಕೊಟ್ಟಿದ್ದು" ಎಂದರೆ ಮುಗಿಯುತ್ತಿತ್ತು. ಹಿರಿಯರ ಬೆನ್ನು ನನ್ನಿಂದ ಒಂದು ಮಾರು ದೂರದಲ್ಲಿತ್ತು. ನಾನು ಹಾಡಿನ ಪುಸ್ತಕ ತೆರೆದೆ.

"ನಂದೇ, ಅಯ್ನೋರೇ," ಎಂದಳು ಅವಳು.

ಬಾಗಿಲು ಮುಚ್ಚಿತು. ರೊಟ್ಟಿ ಬಂತು, ನೀರು ಬಂತು. ಸಾಕ್ಷಿಗಳು ಶುರುವಾದವು. "ಸಹೋದರಿ ಪ್ರೂಯಿಟ್ ಏನು ಹೇಳ್ತಾರೆ ಕೇಳೋಣ," ಎಂದರು ಹಿರಿಯರು. ಪಾದ್ರಿಯ ಹೆಂಡತಿ ಸುಮ್ಮನೆ ಕೂರುವಂತಿಲ್ಲ. ಎದ್ದೆ. ಹದಿನೆಂಟು ವರ್ಷ ಹೇಳಿ ಹೇಳಿ ರೂಢಿಯಾದ ಮಾತು ತಾನಾಗಿ ಬಂತು. ಜ್ವರದಲ್ಲಿ ಬಿದ್ದಾಗ ದೇವರು ನನ್ನ ಕೈ ಬಿಡಲಿಲ್ಲ ಎಂದೆ. ಕಣ್ಣಲ್ಲಿ ನೀರೂ ಬಂತು. ಜ್ವರದಲ್ಲಿ ನನ್ನ ಕೈ ಬಿಡದವಳು ಆಗ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಳು.

ಮಧ್ಯಾಹ್ನ ಹಿರಿಯರಿಗೆ ನಮ್ಮ ಮನೆಯಲ್ಲೇ ಊಟ.

"ಪ್ರೂಯಿಟ್, ಬಾಗಿಲು ಕಾಯೋರು ಅಂದ್ರೆ ಹೀಗಿರ್ಬೇಕು," ಎಂದರು. "ಈಗಿನ ಕಾಲದ ಪಾದ್ರಿಗಳು ರಿಬ್ಬನ್ ಕಂಡ್ರೆ ಕಣ್ಣು ಬೇರೆ ಕಡೆ ತಿರುಗಿಸ್ತಾರೆ."

ಎಲ್ಕಾನಾ ರೊಟ್ಟಿ ಮುರಿದುಕೊಂಡರು. ಎಮಲೈನ್ ಬಡಿಸುತ್ತಿದ್ದಳು.

"ಇನ್ನೊಂದು ತುಂಡು ಹಾಕ್ಲಾ ಅಯ್ನೋರೇ? ಎಳೇ ಕೋಳಿ."

"ಹಾಕಮ್ಮ. ಚೆನ್ನಾಗಿದೆ. ಮನೇದಾ?"

"ಇಲ್ಲ, ಎದುರುಮನೇದು. ನೀವು ಬರ್ತೀರಿ ಅಂತ ನೆನ್ನೆ ಕೊಟ್ಟುಹೋದ್ರು." ಅವಳು ಹೇಳಿದ್ದು ಹಿರಿಯರಿಗೆ, ನೋಡಿದ್ದು ನನ್ನನ್ನು. "ಅಮ್ಮಾ, ನಿಂಗೂ ಹಾಕ್ಲಾ?"

"ಬೇಡ," ಎಂದೆ.

ಊಟವಾದ ಮೇಲೆ ಹೆಸರಿನ ಪುಸ್ತಕ ಹಿರಿಯರ ಮುಂದೆ ಬಂತು. ಎಲ್ಕಾನಾ ಪರ್ಮೀಲಿಯಾಳ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ 'ಉಡುಪಿನ ಗರ್ವ' ಎಂದು ಬರೆದರು. ಮರುದಿನ ಬೆಳಗ್ಗೆ ಕುದುರೆ ಹತ್ತಿ ನಾಲ್ಕು ವಾರದ ಸುತ್ತಿಗೆ ಹೊರಟರು.

ಎದುರುಮನೆಯಿಂದ ಏನೂ ಬರುವುದು ನಿಂತಿತು. ನಾನೂ ಹೋಗಲಿಲ್ಲ. ನೀರಿಗೆ ಹೋಗುವಾಗ ಅವಳು ಅಂಗಳದಲ್ಲಿದ್ದರೆ ನಾನು ಬಾವಿಯ ಹಿಂದಿನ ದಾರಿ ಹಿಡಿಯುತ್ತಿದ್ದೆ. ಕುಂಬಳಕಾಯಿ ಬೇಯಿಸಿದೆ, ಅಂಬಲಿ ಮಾಡಿದೆ, ಮತ್ತೆ ಕುಂಬಳಕಾಯಿ ಬೇಯಿಸಿದೆ.

"ಪರ್ಮೀಲಿಯಾ ಯಾಕೆ ಬರ್ತಿಲ್ಲ?" ಎರಡನೇ ವಾರ ಅತ್ತೆ ಕೇಳಿದರು. "ನನ್ನ ತಲೆ ಗಂಟು ಗಂಟಾಗಿದೆ. ಹೂ ಇಟ್ಕೊಂಡು ಬಂದ್ಳು ಅಂತ ಆಚೆ ನಿಲ್ಲಿಸಿದ್ರಂತೆ. ಸರಿಯಾಗೇ ಮಾಡ್ದ ನನ್ನ ಮಗ. ಆದ್ರೆ ಅವಳಿಗೆ ಹೂ ಎಲ್ಲಿಂದ ಬಂತು?"

ನಾನು ಒಲೆ ಊದುತ್ತಿದ್ದೆ.

"ಎಮಲೈನ್, ಪೆಟ್ಟಿಗೇಲಿ ಆ ಟೋಪಿ ಇದೆಯಾ ನೋಡು."

"ನೋಡೋದೇನು ಅಜ್ಜಿ. ಅಮ್ಮನ್ನ ಕೇಳಿ."

ಅತ್ತೆ ಕೋಲು ಹುಡುಕಿ ಎದ್ದು ನಿಂತು ನನ್ನ ಹೆಸರು ಹಿಡಿದು ಕರೆದರು. "ಡಾರ್ಕಸ್."

"ಹೌದು ಅತ್ತೆ. ನಾನೇ ಕೊಟ್ಟೆ. ಹೂ ತೆಗೆದು ಹಾಕ್ಕೋತಾಳೆ ಅಂದ್ಕೊಂಡೆ."

"ತೆಗೀಬೇಕು ಅಂತ ಹೇಳಿದ್ಯಾ?"

"ಇಲ್ಲ."

"ಅಲ್ಲಿ ಬಾಗಿಲಲ್ಲಿ ಅವಳು ನಿಂತಾಗ?"

"ಇಲ್ಲ."

"ನಿನ್ನ ಬಾಯಿಗೇನಾಗಿತ್ತು?"

"ನಿಮ್ಮ ಕಣ್ಣಿಗೋಸ್ಕರ ಪಟ್ಟಣ ಕೇಳ್ತಿರೋದು ಅತ್ತೆ. ಹಿರಿಯರು ಎದುರಿಗೇ ಕೂತಿದ್ರು."

"ನನ್ನ ಕಣ್ಣಿನ ಹೆಸರು ಹೇಳ್ಬೇಡ," ಎಂದರು ಅತ್ತೆ. "ಹನ್ನೊಂದು ವಾರ ಅವಳ ಸಾರು ಕುಡಿದಿದ್ದೀನಿ. ಇದನ್ನ ಸರಿ ಮಾಡೋವರೆಗೂ ಈ ಮನೇಲಿ ನಾನು ಒಣ ರೊಟ್ಟಿ ಬಿಟ್ಟು ಬೇರೆ ಮುಟ್ಟಲ್ಲ."

ಎಪ್ಪತ್ತು ದಾಟಿದ ಮುದುಕಿ, ಆಡಿದಂತೆಯೇ ನಡೆದರು. ಎಮಲೈನ್ ಅವರ ರೊಟ್ಟಿಯನ್ನು ನೀರಿನಲ್ಲಿ ನೆನೆಸಿಕೊಡುತ್ತಿದ್ದಳು. ನನ್ನ ಹತ್ತಿರ ಮಾತೇ ಇಲ್ಲ. ಏನಾದರೂ ಕೇಳಿದರೆ "ಹಿರಿಯರು ಬರ್ತಾರಾ?" ಎಂದು ತಿರುಗಿ ಕೇಳುತ್ತಿದ್ದಳು. ಕಪಾಳಕ್ಕೆ ಹೊಡೆಯಬೇಕೆನಿಸಿತು. ಹೊಡೆಯುವ ಮುಖ ನನಗಿರಲಿಲ್ಲ.

ಅಕ್ಟೋಬರ್ ಮೊದಲ ವಾರ ಎಲ್ಕಾನಾ ಬಂದರು, ಮಳೆಯಲ್ಲಿ ನೆನೆದು, ಅರ್ಧ ಸೊರಗಿ. ಊಟಕ್ಕೆ ಕೂತ ಮೇಲೆ ಅತ್ತೆಯ ತಟ್ಟೆ ನೋಡಿದರು.

"ಅಮ್ಮ ಯಾಕೆ ಒಣ ರೊಟ್ಟಿ ತಿಂತಿದ್ದಾಳೆ?"

ನಾನು ಹೇಳಿದೆ. ಎಲ್ಲ ಹೇಳಿದೆ. ಅವರು ಚಮಚ ಕೆಳಗಿಟ್ಟರು.

"ನಂಗೆ ಗೊತ್ತಿತ್ತು," ಎಂದರು.

"ಏನು ಗೊತ್ತಿತ್ತು?"

"ಆ ಟೋಪಿ. ಫೆಬ್ರವರೀಲಿ ನಮ್ಮನೆ ಮೇಜಿನ ಮೇಲೇ ನೋಡಿದ್ನಲ್ಲ. ಬಾಗಿಲಲ್ಲಿ ನೋಡಿದ ತಕ್ಷಣ ಗುರುತು ಸಿಕ್ತು."

"ಮತ್ತೆ ಎಲ್ಲಿಂದ ಬಂತು ಅಂತ ಯಾಕೆ ಕೇಳಿದ್ರಿ?"

"ನೀನು ಎದ್ದು ಹೇಳ್ತೀಯ ಅಂತ ಕಾದೆ."

"ಅವಳೇ ನನ್ನ ಹೆಸರು ಹೇಳ್ತಾಳೆ ಅಂತ ನಾನು ಕಾದೆ."

"ಅವಳು ನಂದೇ ಅಂದ್ಳು," ಎಂದರು ಎಲ್ಕಾನಾ. "ಅಂದಾಗ ನಂಗೆ ಜೀವ ಬಂದಂತಾಯ್ತು, ಡಾರ್ಕಸ್. ಆಮೇಲೆ ನಾಲ್ಕು ವಾರ ಯಾವ ಊರಲ್ಲಿ ಬಾಯಿ ತೆರೆದ್ರೂ ನನ್ನ ಉಪದೇಶ ನನಗೇ ರುಚಿಸ್ಲಿಲ್ಲ."

"ಈಗ ಏನು ಮಾಡ್ತೀಯ ಅದನ್ನ ಹೇಳು," ಎಂದರು ಅತ್ತೆ.

"ಸಮ್ಮೇಳನ ಮುಗೀಲಿ ಅಮ್ಮ. ಅಲ್ಲಿ ಒಬ್ಬೊಬ್ಬರ ಹೆಸರು ಕೂಗಿ, ಇವರ ಮೇಲೆ ಏನಾದ್ರೂ ದೂರಿದೆಯಾ ಅಂತ ಎಲ್ಲರ ಮುಂದೆ ಕೇಳ್ತಾರೆ. ಸ್ವಂತ ಮನೆ ನೆಟ್ಟಗಿಟ್ಕೊಳ್ದೋನು ಅಂತ ಒಬ್ಬ ಎದ್ದು ಅಂದ್ರೆ ಸಾಕು."

"ಸಮ್ಮೇಳನ ಮುಗಿದ್ರೆ ನೀನು ಇಲ್ಲಿರಲ್ಲ. ಬರೋ ಪಾದ್ರಿ ಪುಸ್ತಕ ತೆಗೀತಾನೆ, ಗರ್ವ ಅಂತ ಓದ್ತಾನೆ. ಮುಗೀತು ಅವಳ ಕಥೆ." ಅತ್ತೆ ರೊಟ್ಟಿಯ ತುಂಡನ್ನು ತಟ್ಟೆಗೆ ಹಾಕಿದರು. "ಈ ಭಾನುವಾರ ನಿಮ್ಮಿಬ್ಬರಲ್ಲಿ ಒಬ್ಬರು ಹೇಳ್ಬೇಕು. ಇಲ್ದಿದ್ರೆ ನಾನು ಹೇಳ್ತೀನಿ. ನಂಗೆ ಕಣ್ಣಿಲ್ಲ, ನಾಲಿಗೆ ಇದೆ."

ಭಾನುವಾರದ ಕ್ಲಾಸ್ ಕೂಟದಲ್ಲಿ, ವಾರವಾರ ಸೇರಿ ತಮ್ಮ ತಪ್ಪುಗಳನ್ನು ಬಿಚ್ಚಿ ಹೇಳಿಕೊಳ್ಳುವ ಆ ಕೂಟದಲ್ಲಿ, ನಾನು ಎದ್ದೆ. ಟೋಪಿ ಎಲ್ಲಿಂದ ಬಂತು ಎನ್ನುವುದರಿಂದ ಶುರುಮಾಡಿ, ಹೂವು ಬಿಚ್ಚದೆ ಕೊಟ್ಟದ್ದು, ಹಾಡಿನ ಪುಸ್ತಕ ತೆರೆದದ್ದು, ಹಿರಿಯರಿಗೆ ಬಡಿಸಿದ ಕೋಳಿ, ಒಂದನ್ನೂ ಬಿಡದೆ ಹೇಳಿದೆ. ಎಲ್ಲರೂ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಯಾರೂ ಏಳಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬರು "ಆಮೆನ್" ಎಂದರು, ಇನ್ನೊಬ್ಬರು "ದೇವರಿಗೆ ಸ್ತೋತ್ರ" ಎಂದರು. ಸೋಫ್ರೋನಿಯಾ ಅಳುತ್ತಾ ಬಂದು ನನ್ನನ್ನು ತಬ್ಬಿಕೊಂಡಳು.

"ಎಂಥ ದೀನ ಮನಸ್ಸು ನಿಮ್ದು ಸಹೋದರೀ. ನಮ್ಮ ಕೈಲಾಗ್ತಿತ್ತಾ?"

ಟೋಪಿ ತಂದು ಸುರಿದವಳು ಅವಳೇ. ಆದರೂ ಅವಳ ಹೆಗಲಿನ ಮೇಲೆ ತಲೆಯಿಟ್ಟು ನಾನೂ ಅತ್ತುಬಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆಗ ಹಿತವಾಗಿತ್ತು. ಇಂಥ ಜೀವಂತ ಕೂಟ ಈ ಊರಲ್ಲಿ ಹತ್ತು ವರ್ಷದಿಂದ ಆಗಿರಲಿಲ್ಲ ಎಂದು ಮಾತಾಡಿಕೊಳ್ಳುತ್ತಾ ಎಲ್ಲರೂ ಮನೆಗೆ ಹೋದರು. ಎಲ್ಕಾನಾ ಪುಸ್ತಕದಲ್ಲಿ ಪರ್ಮೀಲಿಯಾಳ ಹೆಸರನ್ನು ಹೊಸದಾಗಿ ಬರೆದರು. ಆ ರಾತ್ರಿ ಅತ್ತೆ ಸಾರು ಹಾಕಿಸಿಕೊಂಡರು. ಎದುರುಮನೆಗೆ ಹೋಗಿ ಹೇಳಿ ಬರುವ ಕೆಲಸ ಮಾತ್ರ ನಾಳೆ, ನಾಳೆ ಎಂದು ಉಳಿಯಿತು.

ಸಮ್ಮೇಳನದಲ್ಲಿ ನನ್ನ ಗಂಡನ ಹೆಸರು ಕೂಗಿದಾಗ ಜಿಲ್ಲೆಯ ಹಿರಿಯರೇ ಎದ್ದು ನಿಂತರಂತೆ. ಸುದ್ದಿ ಅವರಿಗೂ ಮುಟ್ಟಿತ್ತು. ಈ ಪಾದ್ರಿಯ ಮನೆಯವರ ದೀನತೆ ನಮಗೆಲ್ಲ ಮಾದರಿ ಎಂದರಂತೆ. ನಮಗೆ ಪಟ್ಟಣ ಸಿಕ್ಕಿತು, ಮೂರು ಕೋಣೆಯ ಮನೆ, ಎರಡು ಬೀದಿಯಾಚೆ ಕಣ್ಣಿನ ವೈದ್ಯರು. ಸುದ್ದಿ ತಂದ ಎಲ್ಕಾನಾ ಅದನ್ನು ಬೂಟು ಬಿಚ್ಚುತ್ತಾ ನೆಲ ನೋಡಿಕೊಂಡು ಹೇಳಿದರು.

"ನಮ್ಮ ತಪ್ಪಿಗೆ ಬಹುಮಾನ ಬಂತು ಅನ್ನಿ," ಎಂದಳು ಎಮಲೈನ್. ಯಾರೂ ಅವಳನ್ನು ಗದರಲಿಲ್ಲ.

ಸಾಮಾನು ಗಾಡಿಗೇರಿದ ಬೆಳಗ್ಗೆ, ಇನ್ನು ನಾಳೆ ಎನ್ನುವುದಕ್ಕೆ ದಾರಿಯಿಲ್ಲದೆ ನಾನು ರಸ್ತೆ ದಾಟಿದೆ. ಪರ್ಮೀಲಿಯಾ ಮೆಟ್ಟಿಲ ಮೇಲೆ ಕೂತು ಬಾತಿನ ಪುಕ್ಕ ಕೀಳುತ್ತಿದ್ದಳು. ಏಳಲಿಲ್ಲ. ಮೊದಲಾದರೆ ಎದ್ದು ಕೈ ಒರೆಸಿಕೊಳ್ಳುತ್ತಿದ್ದಳು.

"ಹೊರಟ್ರಾ ಅಮ್ಮಾವ್ರೇ?"

"ಹೊರಟ್ವಿ. ಪರ್ಮೀಲಿಯಾ, ನಿನ್ನ ಹೆಸರು ಮತ್ತೆ ಬರೆದಿದ್ದಾರೆ. ಮುಂದಿನ ಕೂಟಕ್ಕೆ ಬಾ. ಯಾರೂ ತಡೆಯಲ್ಲ."

"ಹೇಳಿದ್ರು, ಗಿರಣಿ ಟಟ್ಲಮ್ಮಾವ್ರು." ಅವಳು ಒಂದು ಹಿಡಿ ಪುಕ್ಕವನ್ನು ಚೀಲಕ್ಕೆ ತುಂಬಿದಳು. "ಹೇಳ್ತಾ ಹೇಳ್ತಾ ಕಣ್ಣೊರೆಸ್ಕೊಂಡ್ರು. ತುಂಬಾ ಚೆನ್ನಾಗಿ ಮಾತಾಡಿದ್ರಂತೆ ನೀವು."

ಗಾಡಿಯ ಹತ್ತಿರದಿಂದ ಅತ್ತೆ ನನ್ನ ಹೆಸರು ಹಿಡಿದು ಕೂಗುತ್ತಿದ್ದರು.

"ಅಷ್ಟು ಜನರ ಮುಂದೆ ಹೇಳೋಕೆ ಗಟ್ಟಿ ಮನಸ್ಸು ಬೇಕು," ಎಂದಳು ಪರ್ಮೀಲಿಯಾ. ಕುಹಕವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಮೂರು ವಾರ ಆಯ್ತು. ನಾನು ದಿನಾ ಮನೇಲೇ ಇದ್ದೆ ಅಮ್ಮಾವ್ರೇ."